ಎದೆಯ ನೋವಿಗೆ ಅರಿವಳಿಕೆಯ ಪಟ್ಟಿ

ಬೆಂಗಳೂರಿನ ಸುದ್ದಗುಂಟೆಪಾಳ್ಯಕ್ಕೆ ಅನತಿದೂರದಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇರುವುದರಿಂದ, ಹೃದಯದ ಶಸ್ತ್ರಚಿಕಿತ್ಸೆಯೆಂಬುದು ಇಲ್ಲಿನವರಿಗೆ ಅಪರಿಚಿತವಾದ ಮಾತಲ್ಲ. ಆದರೆ ಹೃದಯ ಸರಿಹೋದ ಮೇಲೂ ಎದೆ ನೋಯುವುದೇಕೆಂದು ವಿಚಾರಿಸುವವರು ವಿರಳ. ಹೃದಯವನ್ನು ಮುಟ್ಟಲು ಸಾಮಾನ್ಯವಾಗಿ ಎದೆಮೂಳೆಯನ್ನು ಉದ್ದಕ್ಕೆ ಸೀಳಬೇಕು. ಶ್ವಾಸಕೋಶವನ್ನು ತೆರೆದು ಚಿಕಿತ್ಸೆ ಮಾಡಬೇಕಾದರೆ ಪಕ್ಕೆಲುಬುಗಳನ್ನು ಅಗಲಿಸಬೇಕು. ಪಕ್ಕೆಲುಬಿನ ಕೆಳಅಂಚಿನ ತೋಡಿನಲ್ಲಿಯೇ ನರವೊಂದು ಸಾಗುವುದರಿಂದ ಅದಕ್ಕೆ ಪೆಟ್ಟು ತಪ್ಪುವುದು ಕಷ್ಟ. ಮುರಿದ ಕೈಗಾದರೆ ವಿಶ್ರಾಂತಿ ಕೊಡಬಹುದು, ಉಸಿರಾಡಲೇಬೇಕಾದ ಎದೆಗೆ ಅದೆಲ್ಲಿ? ನೋವಿಗಂಜಿದ ರೋಗಿಯು ಆಳವಾಗಿ ಉಸಿರೆಳೆಯದೆ, ಕೆಮ್ಮನ್ನು ನುಂಗಿಕೊಂಡು ಮಲಗಿದನೆಂದರೆ, ಕಫ ಒಳಗೇ ನಿಂತು ನ್ಯುಮೋನಿಯಾಕ್ಕೆ ಎಡೆಯಾಗುತ್ತದೆ. ಅಫೀಮಿನ ವರ್ಗದ ಔಷಧಗಳು ನೋವನ್ನಡಗಿಸುವುದೇನೋ ನಿಜ, ಆದರೆ ಅವು ಮಂಪರನ್ನು ತಂದು ಉಸಿರಾಟವನ್ನೇ ಮಂದಗೊಳಿಸಬಲ್ಲುವು.

ಈ ಸಂದಿಗ್ಧದಲ್ಲಿ ವೈದ್ಯರು ಕೆಲವೊಮ್ಮೆ ನೆನೆಯುವ ಸಹಾಯಕವೇ ಚರ್ಮಕ್ಕೆ ಅಂಟಿಸುವ, ಲಿಡೋಕೇನ್ ಎಂಬ ಅರಿವಳಿಕೆಯ ಪಟ್ಟಿ. ಈ ಔಷಧದ ಹುಟ್ಟಿನ ಕಥೆ ಹೀಗೆ: ಸ್ವೀಡನ್ನಿನಲ್ಲಿ ಬಾರ್ಲಿಯ ಒಂದು ಕ್ಷಾರವಸ್ತುವನ್ನು ಕುರಿತು ನಡೆದ ಸಂಶೋಧನೆಯಲ್ಲಿ, ಅದಕ್ಕೆ ಹತ್ತಿರದ ಪದಾರ್ಥವನ್ನು ನಾಲಿಗೆಗೆ ಮುಟ್ಟಿಸಿಕೊಂಡ ರಸಾಯನಶಾಸ್ತ್ರಜ್ಞನೊಬ್ಬನಿಗೆ (ರುಚಿ ನೋಡುವುದೂ ಆಗ ಪರೀಕ್ಷೆಯೇ!) ನಾಲಿಗೆ ಜೋಮು ಹಿಡಿಯಿತು, ಆ ಜಾಡನ್ನೇ ಅನುಸರಿಸಿ 1943ರಲ್ಲಿ ನಿಲ್ಸ್ ಲೋಫ್‌ಗ್ರೆನ್ ಲಿಡೋಕೇನನ್ನು ಸಿದ್ಧಪಡಿಸಿದರೆ, ಸಂಗಡಿಗ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತನ್ನ ದೇಹದ ಮೇಲೆಯೇ ಪ್ರಯೋಗಿಸಿಕೊಂಡನು.

ನರತಂತುವಿನ ಪೊರೆಯ ಕಿಂಡಿಗಳಲ್ಲಿ ಸೋಡಿಯಂ ಕಣಗಳು ಒಳನುಗ್ಗಿದಾಗ ಮಾತ್ರ ನೋವಿನ ಸುದ್ದಿ ಮುಂದೆ ಸಾಗುತ್ತದೆ. ಲಿಡೋಕೇನು ಆ ಕಿಂಡಿಗಳನ್ನೇ ತಡೆಯುತ್ತದೆ. ಹತ್ತು ಸೆಂಟಿಮೀಟರು ಅಗಲ, ಹದಿನಾಲ್ಕು ಉದ್ದದ ಪಟ್ಟಿಯ ಅಂಟಿನಲ್ಲಿ 700 ಮಿಲಿಗ್ರಾಂ ಔಷಧವಿದ್ದರೂ ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು 3 ಪಾಲಷ್ಟೆ. ಮಂಪರು ಬಾರದಿರುವುದು ಇದರಿಂದಲೇ; ಆಳದ ಮೂಳೆಯ ನೋವಿಗೆ ಇದೊಂದೇ ಸಾಲದಿರುವುದಕ್ಕೂ ಈ ಮಿತಿಯೇ ಕಾರಣವಿರಬೇಕು. 1999ರಲ್ಲಿ ಅಮೆರಿಕದ ಸರಕಾರ ಈ ಪಟ್ಟಿಯನ್ನು ಅನುಮೋದಿಸಿದ್ದು ಸರ್ಪಸುತ್ತಿನ ತರುವಾಯ ಉಳಿಯುವ ನರನೋವಿಗೆ. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಅಧ್ಯಯನಗಳ ಫಲ ಏಕರೂಪವಾಗಿಲ್ಲ. ಆದುದರಿಂದ ಇದನ್ನು ಪ್ಯಾರಸಿಟಮಾಲು, ನರದ ಬಳಿ ಚುಚ್ಚುವ ಅರಿವಳಿಕೆ ಮೊದಲಾದುವುಗಳ ಜೊತೆಗಾರನೆಂದು ತಿಳಿಯುವುದೇ ನ್ಯಾಯ.

ಹಸಿಗಾಯದ ಮೇಲೆ ಇದನ್ನು ಅಂಟಿಸಲಾಗದು, ಪಕ್ಕದ ಗಾಯವಿಲ್ಲದ ಚರ್ಮದ ಮೇಲೆ ಮಾತ್ರ. ಹನ್ನೆರಡು ಗಂಟೆಯಾದ ಬಳಿಕ ತೆಗೆದು, ಮುಂದಿನ ಹನ್ನೆರಡು ಗಂಟೆ ಬಿಡುವು ಕೊಡುವುದು ರೂಢಿ. ಮೇಲೆ ಶಾಖ ಕೊಟ್ಟರೆ ಔಷಧ ಹೆಚ್ಚಾಗಿ ಒಳಸೇರುತ್ತದೆ. ಹೃದಯದ ಲಯ ತಪ್ಪಿದಾಗ ರಕ್ತನಾಳಕ್ಕೆ ಕೊಡುವುದೂ ಇದೇ ಲಿಡೋಕೇನನ್ನೇ ಆದ್ದರಿಂದ, ಲಯದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸದೆ ಇದನ್ನು ಹಚ್ಚಿಕೊಳ್ಳಬಾರದು. ಕಿತ್ತ ಪಟ್ಟಿಯಲ್ಲಿಯೂ ಔಷಧದ ನೂರಕ್ಕೆ ಕನಿಷ್ಠ 95 ಪಾಲು ಉಳಿದಿರುವುದರಿಂದ, ಅಂಟನ್ನು ಒಳಕ್ಕೆ ಮಡಿಸಿ, ಮಕ್ಕಳ ಕೈಗೂ ನಾಯಿಯ ಬಾಯಿಗೂ ಸಿಗದಂತೆ ಎಸೆಯಿರಿ.