ಕೊಟ್ಟಿಗೆಯ ನೀರಿನ ಪೈಪು: ಯಾವ ಜೋಡಣೆ ಎಲ್ಲಿಗೆ?



ಪಶುವೈದ್ಯರು ಪೈಪಿನ ವಿಷಯ ಬರೆಯುವುದೇಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಒಬ್ಬ ಸದಸ್ಯರ ಸಂಜೆಯ ಹಾಲು ಸಂಘದಲ್ಲಿ ಮೇಲಿಂದ ಮೇಲೆ ಒಡೆದು ವಾಪಸಾಗುತ್ತಿತ್ತು. ಹಸುವಿಗೆ ಕೆಚ್ಚಲು ಬಾವು ಇರಲಿಲ್ಲ, ಕ್ಯಾನೂ ಹೊಳೆಯುತ್ತಿತ್ತು. ಕೊನೆಗೆ ಕ್ಯಾನು ತೊಳೆಯುವ ನೀರಿನ ಜಾಡು ಹಿಡಿದು ಹೊರಟೆವು. ಗಂಜಲದ ಕಾಲುವೆಯ ಪಕ್ಕದಲ್ಲಿ ಪೈಪಿನ ಬೆಂಡು ಅರ್ಧ ಇಂಚು ಜಾರಿತ್ತು. ಮೋಟಾರು ಓಡುವಾಗ ಅಲ್ಲಿಂದ ನೀರು ಹೊರಕ್ಕೆ ಸೋರುತ್ತಿತ್ತು. ಮೋಟಾರು ನಿಂತು ಪೈಪಿನ ನೀರು ಹಿಂದಕ್ಕೆ ಇಳಿಯುವಾಗ ಅದೇ ಸಂದಿಯಿಂದ ಗಂಜಲ ಒಳಕ್ಕೆ ಹೀರಲ್ಪಡುತ್ತಿತ್ತು!

ಹಾಲಿನಲ್ಲಿ ಸುಮಾರು 87 ಭಾಗ ನೀರೇ. ಹಸು ಕುಡಿಯುವ ನೀರು, ಕೆಚ್ಚಲು ತೊಳೆಯುವ ನೀರು, ಪಾತ್ರೆ ತೊಳೆಯುವ ನೀರು ಎಲ್ಲವೂ ಪೈಪಿನಿಂದಲೇ ಬರುತ್ತವೆ. ಪೈಪು ಸಾಮಾನ್ಯವಾಗಿ ಕೆಡುವುದು ನಡುವೆ ಅಲ್ಲ, ಜೋಡಣೆಯಲ್ಲಿ.

ಮೊದಲು ಕೇಳಬೇಕಾದ ಪ್ರಶ್ನೆ

ಜೋಡಣೆಗಳಲ್ಲಿ ಎರಡು ಜಾತಿ. ಎಳೆದರೆ ಬಿಟ್ಟುಕೊಳ್ಳುವುದು ಒಂದು, ಎಳೆತ ತಡೆಯುವುದು ಇನ್ನೊಂದು. ತೊಟ್ಟಿ 40 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಪೈಪಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 4 ಕಿಲೋ ಒತ್ತಡ ಇರುತ್ತದೆ. 90 ಮಿ.ಮೀ. ಪೈಪಿನ ತುದಿಯನ್ನು ಇದು ಸುಮಾರು 250 ಕಿಲೋ ಬಲದಿಂದ ನೂಕುತ್ತದೆ. ನೇರ ತಿರುವಿನಲ್ಲಿ ಈ ಬಲ ಸುಮಾರು 350 ಕಿಲೋ ಆಗುತ್ತದೆ. ಎಂದರೆ ಒಂದು ಮಿಶ್ರತಳಿ ಹಸುವೇ ಬೆಂಡಿಗೆ ಮೈಕೊಟ್ಟು ನಿಂತ ಹಾಗೆ!

1. ರಬ್ಬರ್ ರಿಂಗಿನ ಜೋಡಣೆ: ಒಂದರ ಬಾಯಿಗೆ ಇನ್ನೊಂದನ್ನು ತೂರಿಸಿದರಾಯಿತು, ಕೆಲಸ ಬೇಗ ಮುಗಿಯುತ್ತದೆ. ನೆಲ ಸ್ವಲ್ಪ ಕುಸಿದರೂ ತಡೆದುಕೊಳ್ಳುತ್ತದೆ. ಆದರೆ ಎಳೆತ ತಡೆಯುವುದಿಲ್ಲ. ಬೆಂಡು, ಟೀ ಮತ್ತು ಕೊನೆಯ ಮುಚ್ಚಳದ ಹಿಂದೆ, ಅಗೆಯದ ಗಟ್ಟಿ ನೆಲಕ್ಕೆ ಒರಗುವಂತೆ ಕಾಂಕ್ರೀಟ್ ಆಸರೆ ಬೇಕೇ ಬೇಕು. ಮೇಲೆ ಹೇಳಿದ ಸದಸ್ಯರ ಪೈಪಿಗೆ ಇಲ್ಲದಿದ್ದುದು ಇದೇ.

2. ಸಾಲ್ವೆಂಟ್ ಅಂಟು: ಇದು ಪಿ.ವಿ.ಸಿ. ಪೈಪಿಗೆ ಹೊಂದುತ್ತದೆ. ಅಂಟು ಪೈಪಿನ ಮೈಯನ್ನೇ ಕರಗಿಸಿ ಒಂದು ಮಾಡುತ್ತದೆ, ಆದ್ದರಿಂದ ಎಳೆತ ತಡೆಯುತ್ತದೆ. ಎರಡೂ ಮೈ ಒರೆಸಿ ಒಣಗಿರಬೇಕು. ತೂರಿಸಿದ ಮೇಲೆ ಅರ್ಧ ನಿಮಿಷ ಹಿಡಿದಿರಿ. ಒಂದು ದಿನ ಕಳೆಯುವವರೆಗೆ ಮೋಟಾರು ಹಾಕಬೇಡಿರಿ.

3. ಕಾಯಿಸಿ ಬೆಸೆಯುವುದು: ಕಪ್ಪು ಎಚ್.ಡಿ.ಪಿ.ಇ. ಪೈಪಿಗೆ ಅಂಟು ಹಿಡಿಯುವುದಿಲ್ಲ. ಬಿಸಿ ತಟ್ಟೆಗೆ ಎರಡೂ ತುದಿ ಒತ್ತಿ, ಕರಗಿದ ಕೂಡಲೇ ಒಂದಕ್ಕೊಂದು ಕೂಡಿಸಬೇಕು. ಸರಿಯಾಗಿ ಬೆಸೆದರೆ ಜೋಡಣೆ ಪೈಪಿನಷ್ಟೇ ಗಟ್ಟಿ. ಯಂತ್ರ ಮತ್ತು ಪಳಗಿದ ಕೈ ಬೇಕು.

4. ಜಿ.ಐ. ಪೈಪಿನ ಥ್ರೆಡ್: ಗಟ್ಟಿಯಾದುದು, ಬಿಚ್ಚಲೂ ಬರುತ್ತದೆ. ಆದರೆ ಥ್ರೆಡ್ ಕೊರೆದ ಕಡೆ ಸತುವಿನ ಲೇಪ ಹೋಗಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಗಂಜಲ ತಾಗುವ ಜಾಗಕ್ಕೆ ಇದು ಬೇಡ.

ಎಫ್.ಆರ್.ಪಿ. ಪೈಪು ಇದ್ದರೆ

ಗಾಜಿನ ನಾರು ಮತ್ತು ರಾಳದಿಂದ ಮಾಡಿದ ಈ ಪೈಪಿಗೆ ತುಕ್ಕಿಲ್ಲ, ತೂಕವೂ ಕಡಿಮೆ. ಹಲವು ರೈತರು ಸೇರಿ ದೊಡ್ಡ ಪೈಪು ಎಳೆಯುವಾಗ ಇದರ ಮಾತು ಬರುತ್ತದೆ. ಇದಕ್ಕೆ ಮುಖ್ಯವಾಗಿ ಮೂರು ಬಗೆಯ ಜೋಡಣೆ ಉಂಟು.

ರಬ್ಬರ್ ರಿಂಗಿನದು ಮೇಲೆ ಹೇಳಿದಂತೆಯೇ: ಬೇಗ ಆಗುತ್ತದೆ, ಆಸರೆ ಬೇಕು.

ಎರಡನೆಯದು ಪಟ್ಟಿ ಸುತ್ತುವುದು. ತುದಿಗಳನ್ನು ಉಜ್ಜಿ ಒರಟು ಮಾಡಿ, ಎದುರು ಬದುರು ಇಟ್ಟು, ರಾಳದಲ್ಲಿ ನೆನೆಸಿದ ಗಾಜಿನ ನಾರಿನ ಚಾಪೆಯನ್ನು ಪದರ ಪದರವಾಗಿ ಸುತ್ತುತ್ತಾರೆ. ಮುರಿದ ಕಾಲಿಗೆ ನಾವು ಕಟ್ಟುವ ಪ್ಲಾಸ್ಟರಿನ ಹಾಗೆ. ಇದು ಎಳೆತ ತಡೆಯುತ್ತದೆ, ಬಿಚ್ಚಲು ಬರುವುದಿಲ್ಲ. ಮಳೆ, ಧೂಳು ಇದ್ದಾಗ ಮಾಡಬಾರದು. ಉಜ್ಜುವಾಗ ಏಳುವ ಗಾಜಿನ ಪುಡಿ ಮೈಗೆ ನವೆ ತರುತ್ತದೆ, ಕಣ್ಣು ಗಂಟಲಿಗೂ ಕೆಡುಕು. ಗೋದಲಿ, ಮೇವಿನ ಬಣವೆಯ ಬಳಿ ಈ ಕೆಲಸ ಮಾಡಿಸಬೇಡಿರಿ. ರಾಳ ಪೂರ್ತಿ ಗಟ್ಟಿಯಾದ ಮೇಲೆ ಪೈಪು ತೊಳೆದು, ವಾಸನೆ ಹೋದ ನಂತರವೇ ದನಗಳಿಗೆ ನೀರು ಬಿಡಿರಿ.

ಮೂರನೆಯದು ಬೋಲ್ಟು ಹಾಕುವ ಫ್ಲ್ಯಾಂಜು. ಪಂಪು, ವಾಲ್ವಿನಂತೆ ಮುಂದೆ ಬಿಚ್ಚಬೇಕಾದ ಕಡೆಗೆ ಇದೇ ಸರಿ. ಆದರೆ ಕಬ್ಬಿಣದ ಫ್ಲ್ಯಾಂಜಿನಂತೆ ಬಲವಾಗಿ ಬಿಗಿದರೆ ಬಿರುಕು ಬಿಡುತ್ತದೆ. ನಡುವೆ ಮೆತ್ತನೆಯ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಎದುರೆದುರಿನ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಮಣ್ಣು ಮುಚ್ಚುವ ಮುನ್ನ

* ಜೋಡಣೆಗಳನ್ನು ತೆರೆದಿಟ್ಟು, ನಡುವಿನ ಪೈಪಿನ ಮೇಲೆ ಮಾತ್ರ ಮಣ್ಣು ಹಾಕಿರಿ. ಗಾಳಿ ಹೊರಹೋಗುವಂತೆ ನಿಧಾನವಾಗಿ ನೀರು ತುಂಬಿಸಿರಿ. ಕನಿಷ್ಠ ಒಂದು ಗಂಟೆ ಒತ್ತಡದಲ್ಲಿಟ್ಟು ಒಂದೊಂದು ಜೋಡಣೆಯನ್ನೂ ಕೈಯಿಂದ ಮುಟ್ಟಿ ನೋಡಿರಿ.

* ನೀರಿನ ಪೈಪು ತಿಪ್ಪೆ, ಗಂಜಲದ ಕಾಲುವೆಗಳಿಂದ ದೂರವಿರಲಿ. ದಾಟಲೇಬೇಕಾದರೆ ಕಾಲುವೆಗಿಂತ ಮೇಲೆ ದಾಟಿಸಿರಿ. ಅಲ್ಲಿ ಜೋಡಣೆ ಬರಬಾರದು.

* ಸೋರಿಕೆ ಸಣ್ಣದೆಂದು ಬಿಡಬೇಡಿರಿ. ಹತ್ತು ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ದಿನಕ್ಕೆ 144 ಲೀಟರ್ ಆಯಿತು. ಅದು ಎರಡು ಕರೆಯುವ ಹಸುಗಳು ಕುಡಿಯುವಷ್ಟು ನೀರು.

ಆ ಸದಸ್ಯರು ಪೈಪನ್ನು ಕಾಲುವೆಯಿಂದ ಆಚೆಗೆ ಸರಿಸಿ, ಬೆಂಡಿಗೆ ಕಾಂಕ್ರೀಟ್ ಆಸರೆ ಕೊಟ್ಟು, ತೊಟ್ಟಿಯನ್ನು ಉಜ್ಜಿ ತೊಳೆದರು. ಅಂದಿನಿಂದ ಅವರ ಸಂಜೆಯ ಹಾಲು ವಾಪಸಾಗಿಲ್ಲ. ನಿಮ್ಮ ಹಾಲೂ ಕಾರಣ ತಿಳಿಯದೆ ಒಡೆಯುತ್ತಿದ್ದರೆ ಕೆಚ್ಚಲು, ಕ್ಯಾನು ನೋಡಿದ ಮೇಲೆ ಪೈಪಿನ ಜೋಡಣೆಯನ್ನೂ ಒಮ್ಮೆ ಅಗೆದು ನೋಡಿರಿ.