ಹಂಚಿಟ್ಟ ಡೇಟಾಬೇಸಿನಲ್ಲಿ ಓದು ಚುರುಕಾಗುವ ಬಗೆ

ಡಿಸ್ಕಾರ್ಡ್ ಎಂಬ ಹರಟೆ ಆ್ಯಪ್‌ನಲ್ಲಿ ಭಾರೀ ಗಾತ್ರದ ಗುಂಪುಗಳಿವೆ. ಅಂಥದೊಂದು ಗುಂಪಿನಲ್ಲಿ ಎಲ್ಲರಿಗೂ ಮುಟ್ಟುವಂತೆ ಪ್ರಕಟಣೆ ಹಾಕಿದರೆ ಸಾಕು, ಸಾವಿರಾರು ಮಂದಿ ಒಂದೇ ಗಳಿಗೆಯಲ್ಲಿ ಆ್ಯಪ್ ತೆರೆದು ಅದೇ ಸಂದೇಶ ಕೇಳುತ್ತಾರೆ. 2022ರ ಆರಂಭದಲ್ಲಿ ಈ ಸಂಸ್ಥೆಯ ಲಕ್ಷಾಂತರ ಕೋಟಿ ಸಂದೇಶಗಳು ಕಸ್ಸಾಂಡ್ರ ಎಂಬ ಡೇಟಾಬೇಸಿನಲ್ಲಿ, 177 ಸರ್ವರ್‌ಗಳ ಮೇಲೆ ಹರಡಿಕೊಂಡಿದ್ದವು. ಅಷ್ಟೊಂದು ಯಂತ್ರಗಳಿದ್ದರೂ ಓದು ಆಗಾಗ ತೆವಳುತ್ತಿತ್ತು. ಯಂತ್ರ ಹೆಚ್ಚಿಸಿದಷ್ಟೂ ವೇಗ ಹೆಚ್ಚುತ್ತದೆ ಎಂಬ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಒಂದು ಓದು ಎಷ್ಟು ಕಡೆ ಅಲೆಯಬೇಕು ಎಂಬುದರಲ್ಲೇ ವೇಗದ ಗುಟ್ಟಿದೆ. ಆ ಅಲೆದಾಟ ತಗ್ಗಿಸುವ ಉಪಾಯಗಳೂ ಅವಕ್ಕೆ ತೆರಬೇಕಾದ ಬೆಲೆಯೂ ಈ ಅಧ್ಯಾಯದ ವಿಷಯ.

ಬರೆಯುವುದು ಸಲೀಸು, ಓದುವುದು ದುಬಾರಿ

ಕಸ್ಸಾಂಡ್ರ ಹುಟ್ಟಿದ್ದು ಫೇಸ್‌ಬುಕ್‌ನಲ್ಲಿ. ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ರೂಪಿಸಿದ ಇದನ್ನು 2008ರಲ್ಲಿ ಮುಕ್ತ ತಂತ್ರಾಂಶವಾಗಿ ಬಿಡುಗಡೆ ಮಾಡಲಾಯಿತು. ಹೊಸ ಮಾಹಿತಿ ಬಂದಾಗ ಇದು ಡಿಸ್ಕಿನ ಒಂದು ಕಡತದ ಕೊನೆಗೆ ಅದನ್ನು ಸೇರಿಸಿ, ಮೆಮೊರಿಯಲ್ಲೂ ಇಟ್ಟುಕೊಳ್ಳುತ್ತದೆ. ಅಲ್ಲಿಗೆ ಬರೆಯುವ ಕೆಲಸ ಮುಗಿಯಿತು. ಮೆಮೊರಿಯಲ್ಲಿ ಸಾಕಷ್ಟು ಸೇರಿದ ಮೇಲೆ ಅದೆಲ್ಲ ಹೊಸದೊಂದು ಕಡತವಾಗಿ ಡಿಸ್ಕಿಗೆ ಇಳಿಯುತ್ತದೆ. ಇಳಿದ ಕಡತವನ್ನು ಮತ್ತೆ ತಿದ್ದುವುದಿಲ್ಲ. ಹೀಗಾಗಿ ಒಂದೇ ದಾಖಲೆಯ ತುಣುಕುಗಳು ಹಲವು ಕಡತಗಳಲ್ಲಿ ಚೆದುರುತ್ತವೆ. ಓದುವಾಗ ಅವನ್ನೆಲ್ಲ ಹುಡುಕಿ, ಯಾವುದು ತೀರಾ ಈಚಿನದು ಎಂದು ನೋಡಿ, ಜೋಡಿಸಿ ಕೊಡಬೇಕು.

ಈ ಹುಡುಕಾಟ ತಗ್ಗಿಸಲು ಎರಡು ದಾರಿಗಳಿವೆ. ಮೊದಲನೆಯದು, ಬರ್ಟನ್ ಬ್ಲೂಮ್ 1970ರಲ್ಲಿ ಸೂಚಿಸಿದ ಬ್ಲೂಮ್ ಫಿಲ್ಟರ್. ಪ್ರತಿ ಕಡತಕ್ಕೂ ಒಂದು ಪುಟ್ಟ ಬಿಟ್ ಸಾಲು ಮೆಮೊರಿಯಲ್ಲಿರುತ್ತದೆ. ಅದು ‘ಇಲ್ಲ’ ಎಂದರೆ ಖಂಡಿತ ಇಲ್ಲ, ‘ಇದೆ’ ಎಂದರೆ ಇರಬಹುದು. ‘ಇಲ್ಲ’ ಎಂದ ಕಡತವನ್ನು ಮುಟ್ಟುವ ಗೋಜೇ ಬೇಡ. ಎರಡನೆಯದು ಕಂಪ್ಯಾಕ್ಷನ್: ಹಲವು ಕಡತಗಳನ್ನು ಆಗಾಗ ಒಗ್ಗೂಡಿಸಿ, ಹಳತನ್ನೂ ಅಳಿಸಿದ್ದನ್ನೂ ಕಿತ್ತುಹಾಕುವುದು. ಈ ಕೆಲಸ ಹಿಂದೆ ಬಿದ್ದಷ್ಟೂ ಓದು ಭಾರವಾಗುತ್ತದೆ. ಡಿಸ್ಕಾರ್ಡ್‌ನ ತೊಡಕುಗಳಲ್ಲಿ ಇದೂ ಒಂದಾಗಿತ್ತು.

ಎಷ್ಟು ಪ್ರತಿಗಳನ್ನು ಕೇಳಬೇಕು?

ಒಂದು ಸರ್ವರ್ ಕೆಟ್ಟರೂ ಮಾಹಿತಿ ಉಳಿಯಲೆಂದು ಅದನ್ನು ಸಾಮಾನ್ಯವಾಗಿ ಮೂರು ಕಡೆ ಇಡುತ್ತಾರೆ. ಅಮೆಜಾನ್ 2007ರಲ್ಲಿ ಪ್ರಕಟಿಸಿದ ಡೈನಮೋ ಪ್ರಬಂಧದಲ್ಲಿ ಇದರ ಸರಳ ಲೆಕ್ಕವಿದೆ. ಬರೆಯುವಾಗ ಎರಡು ಪ್ರತಿಗಳು ಒಪ್ಪಬೇಕು, ಓದುವಾಗ ಎರಡು ಉತ್ತರಿಸಬೇಕು ಎನ್ನೋಣ. ಎರಡೂ ಕೂಡಿದರೆ ನಾಲ್ಕು, ಅದು ಮೂರಕ್ಕಿಂತ ಹೆಚ್ಚು. ಹಾಗಾಗಿ ಓದಿಗೆ ಸಿಕ್ಕ ಎರಡರಲ್ಲಿ ಒಂದಕ್ಕಾದರೂ ಹೊಸ ಬರಹ ಮುಟ್ಟಿರುತ್ತದೆ. ಓದಲು ಒಂದೇ ಪ್ರತಿ ಸಾಕೆಂದರೆ ವೇಗ ಹೆಚ್ಚುತ್ತದೆ, ಹಳೆಯ ಉತ್ತರ ಸಿಗುವ ಸಾಧ್ಯತೆಯೂ ಹೆಚ್ಚುತ್ತದೆ. ಲೈಕುಗಳ ಎಣಿಕೆ ಕ್ಷಣಕಾಲ ಹಿಂದಿನದಾದರೆ ನಷ್ಟವಿಲ್ಲ. ಖಾತೆಯಲ್ಲಿರುವ ಹಣದ ಲೆಕ್ಕಕ್ಕೆ ಆ ರಿಯಾಯಿತಿ ಸಲ್ಲದು.

ದೂರದ ಮಾತೂ ಇದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಮುಂಬೈಯಿಂದ ಅಮೆರಿಕದ ವರ್ಜೀನಿಯಾ ಸುಮಾರು 13 ಸಾವಿರ ಕಿ.ಮೀ. ನೇರ ಹಾದಿ ಸಿಕ್ಕರೂ ಹೋಗಿಬರಲು 130 ಮಿಲಿಸೆಕೆಂಡ್ ಬೇಕು. ಎಷ್ಟೇ ಜಾಣತನದ ಪ್ರೋಗ್ರಾಂ ಬರೆದರೂ ಇದರಲ್ಲಿ ಚೂರೂ ಕಡಿಮೆಯಾಗದು. ಓದುಗರ ಹತ್ತಿರದಲ್ಲೇ ಒಂದು ಪ್ರತಿ ಇಡುವುದೊಂದೇ ಉಪಾಯ.

ಎಲ್ಲರೂ ಒಂದೇ ಕಡೆ ನುಗ್ಗಿದಾಗ

ಡಿಸ್ಕಾರ್ಡ್‌ನಲ್ಲಿ ಒಂದು ಚಾನೆಲ್‌ನ ಒಂದು ಅವಧಿಯ ಸಂದೇಶಗಳೆಲ್ಲ ಒಂದೇ ಪಾರ್ಟಿಷನ್‌ನಲ್ಲಿ, ಎಂದರೆ ಅದೇ ಮೂರು ಸರ್ವರ್‌ಗಳಲ್ಲಿ ಇರುತ್ತವೆ. ಜನಪ್ರಿಯ ಚಾನೆಲ್‌ಗೆ ಜನ ಮುಗಿಬಿದ್ದಾಗ ಆ ಮೂರರ ಮೇಲೆ ಹೊರೆ ಬೀಳುತ್ತಿತ್ತು, ಉಳಿದ ಸರ್ವರ್‌ಗಳು ನೆರವಿಗೆ ಬರುವಂತಿರಲಿಲ್ಲ. ಎಂಜಿನಿಯರರು ಡೇಟಾಬೇಸಿನ ಮುಂದೆ ಒಂದು ನಡುಪದರ ಇಟ್ಟರು. ಒಂದೇ ಸಂದೇಶಕ್ಕೆ ಏಕಕಾಲಕ್ಕೆ ಎಷ್ಟು ಬೇಡಿಕೆ ಬಂದರೂ ಅದು ಡೇಟಾಬೇಸನ್ನು ಕೇಳುವುದು ಒಮ್ಮೆ ಮಾತ್ರ, ಬಂದ ಉತ್ತರವನ್ನು ಎಲ್ಲರಿಗೂ ಹಂಚುತ್ತದೆ. ಜೊತೆಗೆ ಕಸ್ಸಾಂಡ್ರದ ಜಾಗಕ್ಕೆ ಸಿ++ ಭಾಷೆಯಲ್ಲಿ ಬರೆದ ಸಿಲ್ಲಾ ಡಿಬಿ ಬಂತು. ಹಳೆಯ ಸಂದೇಶ ತೆಗೆಯುವಾಗ ನೂರರಲ್ಲಿ 99 ಓದುಗಳು ಮುಗಿಯಲು ಮೊದಲು 40ರಿಂದ 125 ಮಿಲಿಸೆಕೆಂಡ್ ಹಿಡಿಯುತ್ತಿದ್ದದ್ದು 15ಕ್ಕೆ ಇಳಿಯಿತು. ಸರ್ವರ್‌ಗಳು 177ರಿಂದ 72ಕ್ಕೆ ಇಳಿದವು.

ಕ್ಯಾಶ್ ಇನ್ನೊಂದು ಹೆಸರಾಂತ ಮದ್ದು. 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್‌ಗಾಗಿ ಬರೆದ ಮೆಮ್‌ಕ್ಯಾಶ್‌ಡಿ, ಮತ್ತೆ ಮತ್ತೆ ಬೇಕಾಗುವ ಉತ್ತರಗಳನ್ನು ಮೆಮೊರಿಯಲ್ಲೇ ಇಟ್ಟುಕೊಡುತ್ತದೆ. ಆದರೆ ಬೇಡಿಕೆಯ ಉತ್ತರವೊಂದು ಕ್ಯಾಶ್‌ನಿಂದ ಅಳಿದ ಕ್ಷಣ ಎಲ್ಲರೂ ಡೇಟಾಬೇಸಿನತ್ತ ಓಡುತ್ತಾರೆ. ಇದನ್ನು ತಡೆಯಲು ಫೇಸ್‌ಬುಕ್ ಒಬ್ಬರಿಗೆ ಮಾತ್ರ ಪರವಾನಗಿ ಕೊಟ್ಟು ಉಳಿದವರನ್ನು ತುಸು ಕಾಯಿಸುವ ಕ್ರಮ ತಂದಿತು. ಇಂಥ ನೂಕುನುಗ್ಗಲಿಗೆ ಈಡಾಗುವ ಮಾಹಿತಿಯನ್ನು ಆಯ್ದು ಅಳೆದಾಗ, ಸೆಕೆಂಡಿಗೆ 17 ಸಾವಿರಕ್ಕೇರುತ್ತಿದ್ದ ಡೇಟಾಬೇಸ್ ಪ್ರಶ್ನೆಗಳು 1,300ಕ್ಕೆ ಇಳಿದವೆಂದು ಅದರ 2013ರ ಪ್ರಬಂಧ ಹೇಳುತ್ತದೆ.

ಸರಾಸರಿ ನಂಬಬೇಡಿ

ಪಂಕ್ತಿ ಊಟದಲ್ಲಿ ಕೊನೆಯವರ ಊಟ ಮುಗಿಯುವವರೆಗೆ ಯಾರೂ ಏಳುವಂತಿಲ್ಲ. ಹಲವು ಸರ್ವರ್‌ಗಳನ್ನು ಒಟ್ಟಿಗೆ ಕೇಳುವ ಓದಿನ ಪಾಡೂ ಇದೇ. ಪ್ರತಿ ಸರ್ವರ್ ನೂರರಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡ್ ತಡಮಾಡುತ್ತದೆ ಎನ್ನೋಣ. ನೂರು ಸರ್ವರ್‌ಗಳ ಉತ್ತರ ಬೇಕಾದ ಓದುಗಳಲ್ಲಿ ಶೇ. 63ರಷ್ಟು ತಡವಾಗುತ್ತವೆ! ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಜ್ ಬರೋಸೊ 2013ರಲ್ಲಿ ಇದನ್ನು ವಿವರಿಸಿ ಪರಿಹಾರವನ್ನೂ ಕೊಟ್ಟರು: ಉತ್ತರ ತುಸು ತಡವಾದರೆ ಅದೇ ಪ್ರಶ್ನೆಯನ್ನು ಇನ್ನೊಂದು ಪ್ರತಿಗೂ ಕಳಿಸಿ, ಮೊದಲು ಬಂದದ್ದನ್ನು ತೆಗೆದುಕೊಳ್ಳಿ. ಅವರ ಒಂದು ಪರೀಕ್ಷೆಯಲ್ಲಿ, 10 ಮಿಲಿಸೆಕೆಂಡ್ ಕಾದು ಹೀಗೆ ಮಾಡಿದಾಗ, ಸಾವಿರ ಓದುಗಳಲ್ಲಿ 999 ಮುಗಿಯಲು ಬೇಕಾದ ಸಮಯ 1,800ರಿಂದ 74 ಮಿಲಿಸೆಕೆಂಡಿಗೆ ಇಳಿಯಿತು. ಹೆಚ್ಚಿದ ಪ್ರಶ್ನೆಗಳು ಬರೀ ಶೇ. 2.

ಇವುಗಳಲ್ಲಿ ಯಾವ ಉಪಾಯವೂ ಪುಕ್ಕಟೆಯಲ್ಲ. ಕಂಪ್ಯಾಕ್ಷನ್ ಡಿಸ್ಕಿನ ಶ್ರಮ ಬೇಡುತ್ತದೆ, ಹತ್ತಿರದ ಪ್ರತಿಯೂ ಕ್ಯಾಶೂ ಮಾಹಿತಿಯ ತಾಜಾತನವನ್ನು ಒತ್ತೆಯಿಡುತ್ತವೆ. ಆದ್ದರಿಂದ ನಿಮ್ಮ ಡೇಟಾಬೇಸ್ ನಿಧಾನವೆನಿಸಿದರೆ ಮೊದಲು ಅತಿ ತಡವಾಗುವ ಓದುಗಳನ್ನು ಅಳೆಯಿರಿ, ಅವು ಎಲ್ಲೆಲ್ಲಿ ಅಲೆಯುತ್ತವೆ ಎಂದು ಪತ್ತೆಮಾಡಿ, ಎಷ್ಟು ಹಳೆಯ ಉತ್ತರವನ್ನು ಬಳಕೆದಾರರು ಸಹಿಸಬಲ್ಲರು ಎಂದು ಗೊತ್ತುಮಾಡಿಕೊಳ್ಳಿ. ಹೊಸ ಸರ್ವರ್ ಕೊಳ್ಳುವ ಯೋಚನೆ ಆಮೇಲಿರಲಿ.