ಪಹಣಿಯಲ್ಲಿ ಬರೆಯದ ಬೆಳೆ: ಹೇರೂರಿನ ಕೌಳಿಹಣ್ಣು

ಹೇರೂರಿನಲ್ಲಿ ಬಸ್ಸಿಳಿದಾಗ ಬೆಳಗಿನ ಏಳೂವರೆ. ಮೇ ತಿಂಗಳ ಮೂರನೇ ವಾರ. ಹಿಂದಿನ ಸಂಜೆ ಕೃತ್ತಿಕೆ ಮಳೆಯ ಒಂದು ಹನಿ ಬಿದ್ದು ಹೋಗಿತ್ತು. ಚಿರೆಕಲ್ಲಿನ ನೆಲ ಒದ್ದೆಯಾಗಿತ್ತು, ಗಾಳಿಯಲ್ಲಿ ಹಸಿಮಣ್ಣಿನ ವಾಸನೆ. ರಸ್ತೆಯಂಚಿನ ಮುಳ್ಳಿನ ಮಟ್ಟಿಯೊಂದಕ್ಕೆ ಅರ್ಧ ದೇಹ ತೂರಿಸಿಕೊಂಡು ಒಬ್ಬರು ಅಮ್ಮ ನಿಂತಿದ್ದರು. ಎಡಗೈಯಲ್ಲಿ ಕವಲುಕೋಲು, ಬಲಗೈ ಮಾತ್ರ ಎಲೆಗಳ ಅಡಿಯಲ್ಲಿ ಓಡಾಡುತ್ತಿತ್ತು. ಆ ಕೈ ಹೊರಬಂದಾಗ ಬೊಗಸೆ ತುಂಬ ಕಪ್ಪು ಹಣ್ಣು.

ಸಿದ್ದಾಪುರ ತಾಲೂಕಿನ ಈ ಊರಿಗೆ ನಾನು ಬಂದದ್ದು ಅದಕ್ಕಾಗಿಯೇ. ಇಲ್ಲಿನವರಿಗೆ ಅದು ಕೌಳಿಹಣ್ಣು, ಬೇರೆ ಕಡೆ ಕವಳೆ, ಕವಳಿ. ತುಳುವರಿಗೆ ಕರಂಡೆ, ಮರಾಠಿಯವರಿಗೆ ಕರವಂದ. ಸಸ್ಯಶಾಸ್ತ್ರದ ಹೆಸರು ಕ್ಯಾರಿಸ್ಸಾ ಕರಂಡಸ್, ಕಣಗಿಲೆಯ ಕುಟುಂಬದ ಗಿಡ. ಇಂಗ್ಲಿಷ್ ಕಥೆಗಳಲ್ಲಿ ಮಕ್ಕಳು ಬೇಲಿಯಿಂದ ಕಿತ್ತು ತಿನ್ನುವ ಬ್ಲ್ಯಾಕ್‌ಬೆರ್ರಿ ನಮ್ಮ ಕಡೆಯದಲ್ಲ. ಅದರ ದಾಯಾದಿಗಳನ್ನು ಕಾಣಲು ಬಾಬಾಬುಡನ್‌ಗಿರಿಯಂಥ ಎತ್ತರಕ್ಕೆ ಹತ್ತಬೇಕು. ಬೇಲಿ, ಮುಳ್ಳು, ಕಪ್ಪು ಹಣ್ಣು, ಮಸಿಯಾದ ತುಟಿ ಇವಿಷ್ಟೂ ಶಿರಸಿ-ಸಿದ್ದಾಪುರದ ಮಕ್ಕಳಿಗೆ ಸಿಕ್ಕಿದ್ದು ಕೌಳಿಮಟ್ಟಿಯಲ್ಲಿ. ಮಹಾರಾಷ್ಟ್ರದ ಘಟ್ಟದಲ್ಲಿ ಇದನ್ನು ಮಾರುವ ಹೆಂಗಸರು ‘ಗುಡ್ಡದ ಕಪ್ಪು ಮೈನಾ’ ಎಂಬರ್ಥದ ಕೂಗು ಹಾಕುತ್ತಾರೆ. ಈ ಹಣ್ಣಿಗೆ ಅಂಥದೊಂದು ಕೂಗು ನಮ್ಮಲ್ಲೂ ಇರಬೇಕಿತ್ತು ಎಂದು ಅವತ್ತು ಅನ್ನಿಸಿತು.

ಊರಿನ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಬಿಳಗಿ ಅರಸರು, ಸೋದೆ ಅರಸರು ಆಳಿದ ಸೀಮೆ ಇದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂತು. ನಡುವೆ 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರದ ರೈತರು ಮನೆಮಾರು ಕಳೆದುಕೊಂಡರು. ಪ್ರವಾಸಿಗಳಿಗೆ ಹೇರೂರು ಗೊತ್ತಿರುವುದು ಹೆಗ್ಗರಣೆಯ ಮೇಲೆ ಉಂಚಳ್ಳಿ ಜಲಪಾತಕ್ಕೆ ಹೋಗುವಾಗ ದಾಟುವ ಊರಾಗಿ. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತದೆ. ಕಾರುಗಳು ಇಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಮಟ್ಟಿಯ ಹಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ.

“ಹೆಸರು ಪೇಪರಿಗೆ ಹಾಕ್ಬೇಡ ತಮಾ, ಬೇಕಾದ್ರೆ ಹಣ್ಣಿನ ಬಗ್ಗೆ ಬರೆ” ಎಂದು ಅಮ್ಮ ಮೊದಲೇ ಹೇಳಿದರು. ಆಮೇಲೆ ಮೂರು ತಾಸು ಮಾತು ನಿಲ್ಲಿಸಲಿಲ್ಲ. ನನಗೂ ನಿಲ್ಲುವುದು ಬೇಕಿರಲಿಲ್ಲ.

ಕೌಳಿ ಕೊಯ್ಯುವುದಕ್ಕೆ ಅವರದೇ ಕ್ರಮವಿದೆ. ಮೊದಲು ಕೋಲಿನಿಂದ ಮಟ್ಟಿಯ ಬುಡಕ್ಕೆ ಎರಡು ಪೆಟ್ಟು, ಹಾವಿದ್ದರೆ ಸರಿದುಹೋಗಲಿ ಎಂದು. ನಂತರ ಕವಲಿನಿಂದ ಕೊಂಬೆ ಎತ್ತಿ ಹಿಡಿದು ಕೆಳಗಿನಿಂದ ಕೈ ಹಾಕಬೇಕು. ಮೇಲಿಂದ ಹಾಕಿದರೆ ಜೋಡಿ ಮುಳ್ಳು ಮಣಿಕಟ್ಟಿನವರೆಗೆ ಗೀರುತ್ತದೆ. ನನ್ನ ಕೈಗೆ ಹಾಗೇ ಆಯಿತು. ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡರೆ ಗಿಡದ ಹಾಲು ಅಂಟುವುದಿಲ್ಲ. ಮುಟ್ಟಿದ ಕೂಡಲೇ ತೊಟ್ಟು ಬಿಡುವುದೇ ಹಣ್ಣು, ಎಳೆಯಬೇಕಾದರೆ ಅದಿನ್ನೂ ಕಾಯಿ. ಮಿರ್ಗದ ಮಳೆ ಹಿಡಿಯಿತೆಂದರೆ ಹಣ್ಣಿಗೆ ನೀರು ಕುಡಿದಂತಾಗಿ ರುಚಿ ಸಪ್ಪೆ, ಒಳಗೆ ಹುಳ. ಫೆಬ್ರವರಿ-ಮಾರ್ಚಿನಲ್ಲಿ ಮಲ್ಲಿಗೆಯಂಥ ಬಿಳಿ ಹೂ ಬಿಟ್ಟ ಗಿಡದ ಸುಗ್ಗಿ ಹೆಚ್ಚೆಂದರೆ ನಾಲ್ಕೈದು ವಾರ.

ಒಂದು ಹಣ್ಣನ್ನು ಅಂಗೈಯಲ್ಲಿ ಮುಚ್ಚಿ ಅಮ್ಮ ಕೇಳಿದರು: “ಕೋಳಿಯಾ, ಹುಂಜನಾ?”

ಎಷ್ಟು ವರ್ಷವಾಗಿತ್ತು ಈ ಪ್ರಶ್ನೆ ಕೇಳಿ! ಹಣ್ಣು ಚಿವುಟಿದಾಗ ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಕೋಳಿ. ಸೋತವರು ಹಣ್ಣು ಕೊಡಬೇಕು. ಹುಂಜ ಎಂದೆ. ಬಿಳಿ ಬಂತು. ಆದರೂ ಹಣ್ಣನ್ನು ನನಗೇ ಕೊಟ್ಟರು. ಮೊದಲು ಹುಳಿ, ಮರುಕ್ಷಣ ಸಿಹಿ, ಕೊನೆಗೆ ತುಟಿಗೆ ತುಟಿ ಅಂಟಿಸುವ ಸಣ್ಣ ಒಗರು.

ಹಣ್ಣನ್ನು ಅವರು ಸಾಗುವಾನಿ ಎಲೆಯ ಕೊಟ್ಟೆ ಕಟ್ಟಿ ಪೇಟೆಯಲ್ಲಿ ಮಾರುತ್ತಾರೆ. ಕೊಟ್ಟೆಗೆ 20 ರೂಪಾಯಿ. ಬಸ್ಸಿನ ಹೊತ್ತಿಗೆ ಕೊಯ್ದು ಮುಗಿಯಬೇಕು, ಸಂಜೆಯೊಳಗೆ ಖರ್ಚಾಗಬೇಕು, ಮರುದಿನಕ್ಕೆ ಇದು ಉಳಿಯುವ ಹಣ್ಣಲ್ಲ. ಮೊದಲೆಲ್ಲ ಒಟ್ಟಿಗೆ ಏಳೆಂಟು ಹೆಂಗಸರು ಹೋಗುತ್ತಿದ್ದರಂತೆ. ಈಗ ಇವರೊಬ್ಬರೇ. ಉಳಿದವರು ನಿಂತದ್ದಕ್ಕೆ ವಯಸ್ಸಿನ ಜೊತೆ ಉಣುಗಿನ ಹೆದರಿಕೆಯೂ ಕಾರಣ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರ ತಾಲೂಕನ್ನೂ ಬಿಟ್ಟಿಲ್ಲ. 2024ರಲ್ಲೂ ಇಲ್ಲಿ ಕಾಡಿತು. ಉಣುಗು ಹೆಚ್ಚುವುದು ಬೇಸಿಗೆಯಲ್ಲಿ, ಕೌಳಿ ಹಣ್ಣಾಗುವುದೂ ಬೇಸಿಗೆಯಲ್ಲಿ. “ಎಣ್ಣೆ ಹಚ್ಕಂಡೇ ಹೋಗೂದು. ಬಂದ್ಕೂಡ್ಲೆ ಬಿಸಿನೀರು ಸ್ನಾನ. ಸೀರೆ ಬೇರೆ ತೊಳೂದು” ಎಂದರು.

ಆದರೆ ಅವರ ನಿಜವಾದ ದುಃಖ ಕಾಯಿಲೆಯದಲ್ಲ, ಬೇಣದ್ದು.

ಹೊರಗಿನವರಿಗೆ ಬೇಣವೆಂದರೆ ವಿವರಿಸಬೇಕು. ಅಡಿಕೆ ತೋಟದವರಿಗೆ ಸೊಪ್ಪು, ದರಕಿಗಾಗಿ ಸರ್ಕಾರ ಬಿಟ್ಟಿರುವುದು ಸೊಪ್ಪಿನ ಬೆಟ್ಟ. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸಿಕ್ಕಿದ್ದುಂಟು. ಬೇಣ ಅದಲ್ಲ, ಅದು ಹುಲ್ಲು ಬೆಳೆಯುವ ಬಯಲು, ದನ ಮೇಯುವ ಜಾಗ, ನಡುನಡುವೆ ಮಟ್ಟಿಗಳು. ಕೌಳಿಗೆ ಬಿಸಿಲು ಬೇಕು. ದಟ್ಟ ಕಾಡಿನ ನೆರಳಲ್ಲಿ ಅದು ಸೊರಗುತ್ತದೆ, ತೇವದ ತೋಟದಲ್ಲಿ ಬಾಳುವುದಿಲ್ಲ. ಕಲ್ಲು ನೆಲ, ಬಯಲು ಬಿಸಿಲು, ದನದ ಬಾಯಿಗೆ ಎಟುಕದಷ್ಟು ಮುಳ್ಳು ಇದ್ದರೆ ಸಾಕು. ಹೀಗೆ ಬೇಣ ಯಾರದೇ ಇರಲಿ, ಅದರ ಹಣ್ಣು ಊರಿನದಾಗಿತ್ತು. ಪಹಣಿಯ ಬೆಳೆ ಕಾಲಂನಲ್ಲಿ ಕೌಳಿಯನ್ನು ಯಾರೂ ಬರೆಸಲಿಲ್ಲ.

ಅಮ್ಮ ನನ್ನನ್ನು ಗುಡ್ಡದ ಮೇಲೆ ಕರೆದೊಯ್ದು ತೋರಿಸಿದರು. ಒಂದು ಕಡೆ ಸಾಲುಸಾಲು ಅಕೇಶಿಯಾ. 1980ರ ದಶಕದಿಂದ ಮಲೆನಾಡಿನ ಎಷ್ಟೋ ಬೇಣಗಳಿಗೆ ಬಂದ ಮರ ಇದು. ಅದರಡಿಯ ದಪ್ಪ ಎಲೆಹಾಸಿನ ಮೇಲೆ ಹುಲ್ಲೂ ಏಳುವುದಿಲ್ಲ. ಇನ್ನೊಂದು ಕಡೆ ಹೊಸದಾಗಿ ಅಗೆದ ಕೆಂಪು ಮಣ್ಣು, ಅಡಿಕೆ ಸಸಿಗಳು, ಸುತ್ತ ತಂತಿಬೇಲಿ. ಅಡಿಕೆಯ ದರ ಏರಿದಾಗ ಬೇಣ ತೋಟವಾಗುವುದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಕೊಳೆರೋಗ, ಎಲೆಚುಕ್ಕಿ ರೋಗದ ನಡುವೆ ಬದುಕುವ ಕೃಷಿಕರ ಕಷ್ಟ ಕಂಡಿದ್ದೇನೆ. ಆದರೆ ಆ ತಂತಿಬೇಲಿಯ ಜಾಗದಲ್ಲಿ ಹಿಂದೆ ಕೌಳಿಯೇ ಬೇಲಿಯಾಗಿತ್ತು ಎಂದು ಕೇಳಿದಾಗ ಹೊಟ್ಟೆಯೊಳಗೆ ಕಿವುಚಿದಂತಾಯಿತು. ದನ ನುಗ್ಗದ, ತುಕ್ಕು ಹಿಡಿಯದ, ವರ್ಷಕ್ಕೊಮ್ಮೆ ಹಣ್ಣು ಕೊಡುವ ಬೇಲಿಯನ್ನು ಕಿತ್ತು ದುಡ್ಡು ಕೊಟ್ಟು ತಂತಿ ತಂದಿದ್ದೇವೆ.

ಮಧ್ಯಾಹ್ನ ಕೆಳಗಿನ ಕೇರಿಯ ತೋಟದ ಮನೆಯೊಂದರಲ್ಲಿ “ಆಸರಿಗೆ ಎಂತ ಕೊಡ್ಲಿ?” ಎಂದು ಕೇಳಿ ಕೋಕಂ ಪಾನಕ ಕೊಟ್ಟರು. ಊಟಕ್ಕೂ ಎಬ್ಬಿಸಿದರು. ಬಾಳೆಲೆಯ ತುದಿಗೆ ಕೌಳಿಕಾಯಿಯ ಗೊಜ್ಜು: ಎಳೆಗಾಯಿ ಬೇಯಿಸಿ, ಬೆಲ್ಲ, ಸೂಜಿಮೆಣಸು ಹಾಕಿ ಒಗ್ಗರಣೆ ಕೊಟ್ಟದ್ದು. ಮನೆಯೊಡತಿ ಪ್ರತಿ ವರ್ಷ ಉಪ್ಪಿನಕಾಯಿಯನ್ನೂ ಹಾಕುತ್ತಾರೆ. ಅಪ್ಪೆಮಿಡಿ ಭರಣಿಗೆ ದೊಡ್ಡ ಗೌರವ, ಕೌಳಿಯದು ಪಕ್ಕದ ಸಣ್ಣ ಬಾಟಲಿ. ಕಾಯಿಯಲ್ಲಿ ಪೆಕ್ಟಿನ್ ಧಾರಾಳವಾಗಿರುವುದರಿಂದ ಜಾಮ್ ತಾನಾಗಿ ಗಟ್ಟಿಯಾಗುತ್ತದೆ. ಬೇಕರಿಯ ಕೇಕಿನ ಮೇಲೆ ಕೂತ ಕೆಂಪು ‘ಚೆರ್ರಿ’ ಬಹಳಷ್ಟು ಸಲ ಕೌಳಿಕಾಯಿಯೇ, ಬೀಜ ತೆಗೆದು ಬಣ್ಣ ಕೊಟ್ಟು ಸಕ್ಕರೆ ಪಾಕದಲ್ಲಿ ಹಾಕಿದ್ದು ಎಂದಾಗ ಆ ಮನೆಯ ಶಾಲೆ ಹುಡುಗಿ ನಂಬಲೇ ಇಲ್ಲ.

ಉತ್ತರದ ಪಂತನಗರದ ಕೃಷಿ ವಿಶ್ವವಿದ್ಯಾಲಯ ಪಂತ್ ಮನೋಹರ್, ಪಂತ್ ಸುದರ್ಶನ್ ಎಂಬ ಕೌಳಿ ತಳಿಗಳನ್ನೂ ದಾಪೋಲಿಯ ಕೃಷಿ ವಿಶ್ವವಿದ್ಯಾಲಯದವರು ಕೊಂಕಣ ಬೋಲ್ಡ್ ತಳಿಯನ್ನೂ ಬಿಡುಗಡೆ ಮಾಡಿದ್ದಾರೆ. ಬೆಳೆಸುವುದು ಕಷ್ಟವಲ್ಲ. ಬೀಜ ಒಣಗಲು ಬಿಡದೆ, ಹಣ್ಣು ತಿಂದ ವಾರದೊಳಗೇ ಊರಬೇಕು, ತಡವಾದರೆ ಹುಟ್ಟುವುದಿಲ್ಲ. ಒಮ್ಮೆ ಬೇರು ಹಿಡಿದರೆ ನೀರೂ ಬೇಡ, ಗೊಬ್ಬರವೂ ಬೇಡ. ಹೊಸ ತೋಟದ ಅಂಚಿಗೆ, ತಂತಿಯ ಪಕ್ಕದಲ್ಲೇ, ಒಂದು ಸಾಲು ಕೌಳಿ ಹಾಕಲು ಯಾರ ಅಡ್ಡಿಯೂ ಇಲ್ಲ. ಪಂಚಾಯತಿಗಳು, ಶಾಲೆಗಳು ವನಮಹೋತ್ಸವಕ್ಕೆ ಗಿಡ ಹುಡುಕುವಾಗ ಈ ಮುಳ್ಳಿನ ಗಿಡವನ್ನೂ ನೆನೆಯಲಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಸಂಜೆ ಬಸ್ಸಿಗೆ ಕಾಯುವಾಗ ಅಮ್ಮ ಪೇಟೆಯಿಂದ ಮರಳಿ ಬಂದಿಳಿದರು. ಕೊಟ್ಟೆಗಳೆಲ್ಲ ಖಾಲಿ. ನನಗೆಂದು ಒಂದನ್ನು ಸೆರಗಿನಲ್ಲಿ ಉಳಿಸಿ ತಂದಿದ್ದರು, ದುಡ್ಡು ಮುಟ್ಟಲಿಲ್ಲ. ನಾಳೆ ಎಲ್ಲಿಗೆ ಎಂದು ಕೇಳಿದೆ.

“ಕೆರೆ ಆಚಿಗಿನ ಬೇಣಕ್ಕೆ. ಅಲ್ಲಿ ನಾಲ್ಕು ದೊಡ್ಡ ಮಟ್ಟಿ ಅದೆ, ನನ್ನ ಅವ್ವಿ ಕಾಲದ್ದು” ಎಂದವರು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡರು. “ಜೇಸೀಬಿ ಬಂದದೆ ಅಂದ್ರು. ಬೆಳಿಗ್ಗೆ ಬೇಗ ಹೋಗ್ಬೇಕು.”